ಇಬ್ಬರೂ ಕೂಡಿ ಕೇಳಿದ ಹಾಡು

ವಿಮರ್ಶಕನಾದವನು ತಾನು ವಿಮರ್ಶಿಸುವ ಕಲೆಯ ಶಾಸ್ತ್ರವನ್ನು ಅರಿತವನಾಗಿರಬೇಕೆಂಬುದು ಹಿರಿಯರ ಮತ. ಆ ಮತಕ್ಕೆ ಕಟ್ಟುಬಿದ್ದರೆ ಈ ಲೇಖನವನ್ನು ನಾನು ಬರೆಯತಕ್ಕದ್ದಲ್ಲ. ಪಾಶ್ಚಾತ್ಯರ ರಾಕ್ ಸಂಗೀತದಲ್ಲಿ ನನಗೆ ಪರಿಶ್ರಮವಿಲ್ಲ. ಅದನ್ನು ಎದುರಿಗೆ ನಿಂತು ಕೇಳಿದ್ದು ಒಂದೇ ಒಂದು ಸಂಜೆ. ಆದರೆ ಅಂದು ಹಾಡಿದ ಎರಡು ಹಾಡುಗಳಿಗೆ ಮೂಲವಾದ ಎರಡು ಇಂಗ್ಲಿಷ್ ಕವಿತೆಗಳನ್ನು ನಾನು ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಕಾಲೇಜಿನಲ್ಲಿ ಪಾಠ ಹೇಳಿದ್ದೇನೆ. ಅಷ್ಟು ಅಧಿಕಾರವನ್ನು ವಾಚಕರು ನನಗೆ ಕೊಟ್ಟರೆ ಸಾಕು. ಇನ್ನೊಂದು ಕಾರಣವೂ ಉಂಟು. ಅಂದು ನನ್ನ ಪಕ್ಕದಲ್ಲಿ ನಿಂತು ಕೇಳಿದವಳು ನನ್ನ ಪತ್ನಿ. ಮೂವತ್ತೈದು ವರ್ಷಗಳ ಸಂಸಾರದಲ್ಲಿ ನಾವಿಬ್ಬರೂ ಕೂಡಿ ಒಂದು ಸಂಗೀತಸಭೆಯನ್ನು ಕೇಳಿದ್ದು ಅದೇ ಮೊದಲು. ಈ ಬರೆಹದಲ್ಲಿ ಒಪ್ಪತಕ್ಕ ವಿಚಾರಗಳೇನಾದರೂ ಇದ್ದರೆ ಅವುಗಳಲ್ಲಿ ಮುಖ್ಯವಾದುವು ಆಕೆಯವು.

ಸಂಗೀತ ನಮ್ಮ ಮನೆಗೆ ಅಪರಿಚಿತವಾಗಿತ್ತೆಂದಲ್ಲ. ಧಾರವಾಡದ ಬೈಠಕ್ಕುಗಳಿಗೆ ತಪ್ಪದೆ ಹೋಗುತ್ತಿದ್ದವನು ನಾನು. ಮಲ್ಲಿಕಾರ್ಜುನ ಮನ್ಸೂರರನ್ನೂ ಬಸವರಾಜ ರಾಜಗುರುಗಳನ್ನೂ ಎದುರಿಗೆ ಕುಳಿತು ಕೇಳಿದ ಭಾಗ್ಯ ನನ್ನದು. ಆದರೆ ಜಮಖಾನೆಯ ಮೇಲೆ ಮುಂದೆ ಕುಳಿತವನು ನಾನು. ಆಕೆ ಬಂದರೆ ಹೆಂಗಸರ ಸಾಲಿನಲ್ಲಿ, ಕೂಸನ್ನು ತೊಡೆಯ ಮೇಲಿಟ್ಟುಕೊಂಡು. ಕೂಸು ಅತ್ತರೆ ಎದ್ದು ಹೊರಗೆ. ಒಂದೇ ಪೆಂಡಾಲಿನಲ್ಲಿದ್ದರೂ ನಾವು ಕೇಳಿದ ಹಾಡು ಒಂದಾಗಿರಲಿಲ್ಲ. ಮನೆಗೆ ಬಂದ ಮೇಲೆ ನಾನು ಗುಣದೋಷಗಳನ್ನು ಹೇಳುವೆನು, ಆಕೆ ಹೂಂಗುಡುವಳು. ಇದು ನಮ್ಮ ಮನೆಯೊಂದರ ರೀತಿಯಲ್ಲವೆಂದು ನಂಬಿದ್ದೇನೆ.

ಪ್ರಕೃತ ವಿಷಯಕ್ಕೆ ಬರೋಣ. ೨೦೦೯ನೆಯ ಫೆಬ್ರವರಿ ೧೫, ರವಿವಾರ, ಬೆಂಗಳೂರಿನ ಅರಮನೆ ಮೈದಾನದಲ್ಲಿ ಇಂಗ್ಲೆಂಡಿನ ಐರನ್ ಮೇಡನ್ ಎಂಬ ಮೇಳದ ಹಾಡುಗಾರಿಕೆ ಏರ್ಪಟ್ಟಿತ್ತು. ೧೯೭೫ರಲ್ಲಿ ಲಂಡನ್ ನಗರದ ಪೂರ್ವಭಾಗದಲ್ಲಿ ಸ್ಟೀವ್ ಹ್ಯಾರಿಸ್ ಎಂಬ ತರುಣನು ಕಟ್ಟಿದ ಮೇಳವಿದು. ೨೦೦೭ರ ಮಾರ್ಚಿಯಲ್ಲಿ ಇದೇ ಮೈದಾನಕ್ಕೆ ಒಮ್ಮೆ ಬಂದು ಹೋಗಿತ್ತು. ನಮ್ಮ ಮಗನು ತನಗೂ ತನ್ನ ಹೆಂಡತಿಗೂ ಎರಡು ಟಿಕೇಟು ಕೊಂಡಿದ್ದನು. ಅಂದು ಬೆಳಿಗ್ಗೆ ಮೊಮ್ಮಗುವಿಗೆ ಜ್ವರ ಬಂದಿತು. "ಅಪ್ಪಾ, ನೀವು ಕಲಿಸಿದ ಪದ್ಯಾನ ಇವರು ಹಾಡ್ತಾರ. ನೀವೂ ಅವ್ವನೂ ಹೋಗಿಬರ್ರಿ" ಎಂದನು. ನಾನು ನಕ್ಕುಬಿಟ್ಟೆ. ಆಕೆ ನಗಲಿಲ್ಲ. "ಹೋಗೂಣ ನಡೀರಿ. ರೊಕ್ಕ ಕೊಟ್ಟಾನ" ಎಂದಳು. ಮಗನು ನಮ್ಮನ್ನು ಬಾಗಿಲವರೆಗೆ ಬಿಟ್ಟು, ತನ್ನ ಇಬ್ಬರು ಗೆಳೆಯರ ವಶಕ್ಕೊಪ್ಪಿಸಿ ಹೋದನು. ಕರಿಯ ಅಂಗಿಯ ತರುಣರ ಸಮುದ್ರದಲ್ಲಿ ನನ್ನ ಕಣ್ಣಿಗೆ ಬಿದ್ದ ಇಳಕಲ್ ಸೀರೆ ಅದೊಂದೇ. "ಆಂಟಿ, ಇಲ್ಲಿ ನಿಂತ್ಕೊಳ್ಳಿ, ಯಾರೂ ತಳ್ಳಲ್ಲ" ಎಂದು ಆ ಹುಡುಗರು ನಮ್ಮ ಸುತ್ತ ತೋಳಿನ ಬೇಲಿ ಕಟ್ಟಿದರು. ಇಲ್ಲಿ ಹೆಂಗಸರ ಸಾಲೆಂಬುದು ಇರಲಿಲ್ಲ, ಸಾಲೇ ಇರಲಿಲ್ಲ.

ಈ ಸಂಗೀತದ ಸ್ವರೂಪವನ್ನು ಎರಡು ಮಾತಿನಲ್ಲಿ ಹೇಳಬೇಕು. ಇದರ ಪ್ರಧಾನ ವಾದ್ಯವಾದ ವಿದ್ಯುತ್ ಗಿಟಾರು ೧೯೩೦ರ ದಶಕದಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದುದು. ತಂತಿಯ ಕೆಳಗೆ ಅಯಸ್ಕಾಂತವಿರುತ್ತದೆ; ಅದರ ಸುತ್ತ ತಾಮ್ರದ ತಂತಿಯ ಸುರುಳಿ. ಮೀಟಿದ ಉಕ್ಕಿನ ತಂತಿ ಅಲುಗಿದಾಗ ಸುರುಳಿಯಲ್ಲಿ ಸೂಕ್ಷ್ಮವಾದ ವಿದ್ಯುತ್ಪ್ರವಾಹ ಹುಟ್ಟುತ್ತದೆ. ಅದನ್ನು ಹಿಗ್ಗಿಸಿ ಧ್ವನಿವರ್ಧಕಕ್ಕೆ ಕೊಟ್ಟರೆ ನಮ್ಮ ವೀಣೆಯಂತೆ ಕೊಡದ ಹಂಗಿಲ್ಲದೆ ಎಷ್ಟು ದೊಡ್ಡ ನಾದವನ್ನಾದರೂ ಎಬ್ಬಿಸಬಹುದು. ೧೯೬೫ರ ಆಗಸ್ಟಿನಲ್ಲಿ ಬೀಟಲ್ಸ್ ಎಂಬ ಪ್ರಸಿದ್ಧ ಮೇಳವು ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ಐವತ್ತೈದು ಸಾವಿರ ಜನರೆದುರಿಗೆ ಹಾಡಿದಾಗ ಜನರ ಚೀರಾಟದಲ್ಲಿ ಹಾಡುವವರಿಗೇ ತಮ್ಮ ಹಾಡು ಕೇಳಿಸಲಿಲ್ಲವಂತೆ. ಮುಂದೆ ಯಂತ್ರವು ಜನರ ಕೂಗನ್ನು ಮೀರಿ ಬೆಳೆಯಿತು. ಮೀರಬಾರದ ಮಟ್ಟಕ್ಕೂ ಬೆಳೆಯಿತು. ಸಾಧಾರಣ ಮಾತುಕತೆಯ ನಾದ ೬೦ ಡೆಸಿಬೆಲ್ಲಿನ ಆಸುಪಾಸು. ಇಂತಹ ಮೇಳಗಳಲ್ಲಿ ಅದು ನೂರನ್ನು ದಾಟುವುದು ಸಾಮಾನ್ಯ. ಹತ್ತು ಡೆಸಿಬೆಲ್ಲು ಏರಿತೆಂದರೆ ನಾದದ ಶಕ್ತಿ ಹತ್ತು ಮಡಿ, ನಲವತ್ತು ಏರಿತೆಂದರೆ ಹತ್ತು ಸಾವಿರ ಮಡಿ. ನೂರರ ನಾದಕ್ಕೆ ಕಾಲು ತಾಸಿಗಿಂತ ಹೆಚ್ಚು ಹೊತ್ತು ಕಿವಿಯೊಡ್ಡುವುದು ಕ್ಷೇಮವಲ್ಲವೆಂದು ಬಲ್ಲವರು ಲೆಕ್ಕ ಹಾಕಿದ್ದಾರೆ. ನಾವು ನಿಂತದ್ದು ಸುಮಾರು ಎರಡು ತಾಸು. ಆಕೆ ಮನೆಯಿಂದಲೇ ಅರಳೆ ತಂದಿದ್ದಳು. ಇಬ್ಬರ ಕಿವಿಯೂ ಉಳಿಯಿತು.

ಆನಂದವರ್ಧನನು ಧ್ವನಿಯನ್ನು ಕಾವ್ಯದ ಆತ್ಮವೆಂದನು. ಆತನು ಹೇಳಿದ ಧ್ವನಿಯೇ ಬೇರೆ, ಅಂದು ನಮ್ಮ ಎದೆಗೂಡನ್ನು ನಡುಗಿಸಿದ ಧ್ವನಿಯೇ ಬೇರೆ. ಮೊದಲ ಅರ್ಧ ತಾಸು ಎರಡನೆಯದರ ಆರ್ಭಟದಲ್ಲಿ ಮೊದಲನೆಯದಕ್ಕೆ ಎಡೆಯೇ ಇಲ್ಲವೆಂದು ನನಗೆ ತೋರಿತು. ಮೂರು ಗಿಟಾರುಗಳು ಒಂದರ ಮೇಲೊಂದು ಬೀಳುತ್ತಿದ್ದುವು. ಗಾಯಕನು ಓಡಾಡಿಕೊಂಡು ತಾರಸ್ಥಾಯಿಯಲ್ಲೇ ಹಾಡುತ್ತಿದ್ದನು. ಸಾಹಿತ್ಯದ ಅಕ್ಷರಗಳು ಹಾರಿಹೋಗುತ್ತಿದ್ದುವು. ಮನಸ್ಸಿನಲ್ಲಿ ನಾನು ತೀರ್ಪು ಬರೆದು ಮುಗಿಸಿದ್ದೆ. ಆಗ ಆಕೆ ನನ್ನ ಕಿವಿಯ ಬಳಿ ಬಂದು, "ಇದು ನಮ್ಮ ಗೀಗೀ ಮೇಳದ ಹಂಗ ಐತಲ್ರೀ!" ಎಂದು ಕೂಗಿದಳು.

ಆಕೆಯ ತವರು ಮುಧೋಳದ ಸೀಮೆ. ದಪ್ಪು ತುಂತುಣಿಗಳೊಡನೆ ಗೀಗೀ ಪದ ಹಾಡುವವರನ್ನು ಹುಡುಗಿಯಾಗಿದ್ದಾಗ ಜಾತ್ರೆಗಳಲ್ಲಿ ಬೆಳತನಕ ಕೇಳಿದವಳು. ಮುಂದಾಳು ಕಥೆಯನ್ನು ನಡೆಸುತ್ತಾನೆ, ಹಿಮ್ಮೇಳದವರು ಪಲ್ಲವಿಯನ್ನೆತ್ತುತ್ತಾರೆ, ನೆರೆದ ಮಂದಿ ಅದನ್ನು ಹಿಡಿಯುತ್ತಾರೆ. ನಾನು ಎದುರಿಗಿದ್ದ ಮೇಳವನ್ನು ಮತ್ತೊಮ್ಮೆ ನೋಡಿದೆ. ಆಕೆ ಹೇಳಿದ್ದು ಸರಿಯಾಗಿತ್ತು. ನಾನು ಬೈಠಕ್ಕಿನ ಅಳತೆಗೋಲನ್ನು ಹಿಡಿದು ಇಲ್ಲಿ ಆಲಾಪವನ್ನು ಹುಡುಕುತ್ತಿದ್ದೆ. ಅಳೆಯಬೇಕಾದದ್ದು ಲಾವಣಿಯ ಕೋಲಿನಿಂದ.

ಆ ಕೋಲಿನಿಂದ ಅಳೆದಾಗ ‘ದಿ ಟ್ರೂಪರ್’ ಎಂಬ ಹಾಡಿನ ಬೆಲೆ ತಿಳಿಯಿತು. ೧೯೮೩ರ ರಚನೆ, ಅದರ ಹಿಂದಿರುವುದು ಟೆನಿಸನ್ ಕವಿಯ ಪ್ರಸಿದ್ಧ ಕವಿತೆ. ೧೮೫೪ನೆಯ ಅಕ್ಟೋಬರ್ ೨೫ರಂದು ಬಾಲಕ್ಲಾವದಲ್ಲಿ ಆರುನೂರಕ್ಕೂ ಮೇಲ್ಪಟ್ಟ ಇಂಗ್ಲಿಷ್ ಸವಾರರು ತಪ್ಪಾಗಿ ಮುಟ್ಟಿದ ಒಂದು ಅಪ್ಪಣೆಗೆ ತಲೆಬಾಗಿ ರಷ್ಯದ ಫಿರಂಗಿಗಳೆದುರಿಗೆ ನುಗ್ಗಿದರು. ನೂರಕ್ಕೂ ಹೆಚ್ಚು ಜನ ಮಡಿದರು. ಟೆನಿಸನ್ನನು ಅದೇ ಡಿಸೆಂಬರಿನಲ್ಲಿ ಅವರ ಕೀರ್ತಿಯನ್ನು ಹಾಡಿದನು. ಆ ಕವಿತೆಯ ಗತಿ ಒಂದು ಗುರು ಎರಡು ಲಘು, ನಮ್ಮ ಛಂದಸ್ಸಿನ ಭಗಣ, ಕುದುರೆಯ ದೌಡು. ಇದನ್ನು ತರಗತಿಯಲ್ಲಿ ಮೇಜು ಕುಟ್ಟಿ ತೋರಿಸುತ್ತಿದ್ದೆ. ಹ್ಯಾರಿಸನು ತನ್ನ ಮಂದ್ರಸ್ವರದ ಗಿಟಾರಿನಲ್ಲಿ ಎಬ್ಬಿಸಿದ ನಡೆಯೂ ಅದೇ: ಒಂದು ದೀರ್ಘ, ಎರಡು ಹ್ರಸ್ವ, ಕೂಡಿ ನಾಲ್ಕು ಮಾತ್ರೆ. ಮೈದಾನಕ್ಕೆ ಮೈದಾನವೇ ಆ ಗಣಕ್ಕೆ ತಲೆಯಾಡಿಸುತ್ತಿತ್ತು. ಮೂವತ್ತು ವರ್ಷದಲ್ಲಿ ನನ್ನ ಮೇಜಿನ ಕುಟ್ಟುವಿಕೆಗೆ ಅಷ್ಟು ಜನ ಒಂದಾಗಿ ತಲೆದೂಗಿದ್ದಿಲ್ಲ.

ಗತಿ ಒಂದಾದರೂ ದೃಷ್ಟಿ ಬೇರೆ. ಟೆನಿಸನ್ನನು ಆಸ್ಥಾನಕವಿ, ದೂರದಲ್ಲಿ ನಿಂತು ಸತ್ತವರನ್ನು ಹೊಗಳುತ್ತಾನೆ. ಈ ಹಾಡಿನಲ್ಲಿ ಮಾತನಾಡುವವನು ಸಾಯುತ್ತಿರುವ ಸವಾರನೇ. ಅವನಿಗೆ ಕೀರ್ತಿಯಿಲ್ಲ, ಅಳುವವರೂ ಇಲ್ಲ. ಈ ಮಾರ್ಪಾಟು ಸಾಮಾನ್ಯವಾದುದಲ್ಲ. ಹೊಗಳಿಕೆಯ ಕವಿತೆಯೊಂದು ಸೈನಿಕನ ಬಾಯಿಗೆ ಬಂದೊಡನೆ ಶೋಕದ ಲಾವಣಿಯಾಗುತ್ತದೆ. ಈ ಹಾಡಿಗೆ ಗಾಯಕ ಬ್ರೂಸ್ ಡಿಕಿನ್ಸನ್ನನು ಕೆಂಪು ಅಂಗಿ ತೊಟ್ಟು ಬ್ರಿಟಿಷರ ಬಾವುಟವನ್ನು ಬೀಸುವುದು ವಾಡಿಕೆಯೆಂದು ಹುಡುಗರು ನನಗೆ ಮೊದಲೇ ಹೇಳಿದ್ದರು. ಅದು ಗರ್ವದ ಬಾವುಟವೋ ಸೂತಕದ ಬಾವುಟವೋ ಹೇಳುವುದು ಕಷ್ಟ. ನನಗೆ ನೆನಪಾದದ್ದು ಹಲಗಲಿಯ ಬೇಡರ ಲಾವಣಿ. ಬಾಲಕ್ಲಾವದ ಮೂರು ವರ್ಷಗಳ ಮೇಲೆ, ೧೮೫೭ರಲ್ಲಿ, ಅದೇ ಸಾಮ್ರಾಜ್ಯದ ಅಪ್ಪಣೆಗೆ ತಲೆಬಾಗದೆ, ಕೈಯ ಆಯುಧ ಕೊಡಲೊಲ್ಲದೆ ಸತ್ತವರು ಅವರು. ಫ್ಲೀಟ್ ಸಾಹೇಬರು ಆ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸುವ ಮೊದಲೇ ಅದು ಜನರ ಬಾಯಲ್ಲಿತ್ತು. ತಲೆಬಾಗಿ ಸತ್ತವರಿಗೂ ಬಾಗದೆ ಸತ್ತವರಿಗೂ ಕೊನೆಗೆ ಆಸರೆಯಾದದ್ದು ಮಂದಿಯ ಬಾಯಿ.

ಇನ್ನು ಸಂಜೆಯ ಮುಖ್ಯ ಕೃತಿ. ಕೋಲ್‌ರಿಜ್ಜನ ‘ಪ್ರಾಚೀನ ನಾವಿಕ’ನ ಕಥೆ ೧೭೯೮ರಲ್ಲಿ, ವರ್ಡ್ಸ್‌ವರ್ತನೊಡನೆ ಕೂಡಿ ಆತನು ಪ್ರಕಟಿಸಿದ ಲಾವಣಿಗಳ ಸಂಗ್ರಹದಲ್ಲಿ, ಮೊದಲು ಅಚ್ಚಾಯಿತು. ಏಳು ಭಾಗ, ಆರುನೂರಕ್ಕೂ ಮೇಲ್ಪಟ್ಟ ಸಾಲು. ಮದುವೆಗೆ ಹೊರಟ ಅತಿಥಿಯೊಬ್ಬನನ್ನು ಮುದುಕ ನಾವಿಕನು ತಡೆದು ನಿಲ್ಲಿಸಿ ತನ್ನ ಕಥೆ ಹೇಳುತ್ತಾನೆ: ಹಡಗಿಗೆ ಶುಭವಾಗಿ ಬಂದ ಆಲ್ಬಟ್ರಾಸ್ ಎಂಬ ಹಕ್ಕಿಯನ್ನು ತಾನು ಕೊಂದದ್ದು, ಗಾಳಿ ನಿಂತು ಹಡಗು ಕದಲದಾದದ್ದು, ಜೊತೆಗಾರರೆಲ್ಲ ಸತ್ತದ್ದು, ನೀರಹಾವುಗಳ ಚೆಲುವನ್ನು ಕಂಡು ತನ್ನ ಬಾಯಿಂದ ಹರಕೆ ಹೊರಟಾಗ ಶಾಪ ಸಡಿಲಿದ್ದು, ಅಂದಿನಿಂದ ಊರೂರು ತಿರುಗಿ ಈ ಕಥೆ ಹೇಳುವುದೇ ತನ್ನ ಪ್ರಾಯಶ್ಚಿತ್ತವಾದದ್ದು. ಹ್ಯಾರಿಸನು ಇದನ್ನು ೧೯೮೪ರಲ್ಲಿ ಹದಿಮೂರು ನಿಮಿಷಕ್ಕೂ ಮಿಕ್ಕಿದ ಹಾಡಾಗಿ ಕಟ್ಟಿದನು.

ಇದರಲ್ಲಿ ಕಳೆದುಹೋದುದನ್ನು ಮೊದಲು ಹೇಳುತ್ತೇನೆ. ಕವಿತೆಯಲ್ಲಿ ಮದುವೆಯ ಅತಿಥಿ ಜೀವಂತನಾದ ಶ್ರೋತೃ; ನಡುನಡುವೆ ಬೆದರುತ್ತಾನೆ, ಅಡ್ಡ ಬರುತ್ತಾನೆ; ಆ ಭಯದ ಕನ್ನಡಿಯಲ್ಲಿ ನಾವು ನಾವಿಕನನ್ನು ಕಾಣುತ್ತೇವೆ. ಹಾಡಿನಲ್ಲಿ ಅವನು ಮೊದಲಲ್ಲಿ ಮುಖ ತೋರಿಸಿ ಮರೆಯಾಗಿ ಕೊನೆಗೊಮ್ಮೆ ಬರುತ್ತಾನೆ, ಅಷ್ಟೆ. ಕವಿಯ ನಿಧಾನವಾದ ವರ್ಣನೆಗಳೂ ಕಥೆಯ ಓಟದಲ್ಲಿ ಸವೆದಿವೆ. ಆದರೆ ನಡುವಿನ ಒಂದೆಡೆಯಲ್ಲಿ ಹಾಡು ಕವಿತೆಗೆ ಸಮನಾಗಿ ನಿಲ್ಲುತ್ತದೆ. ಗಾಳಿ ನಿಂತ ಕಡಲಿನ ಪ್ರಸಂಗ ಬಂದಾಗ ದೌಡು ನಿಂತಿತು. ಮದ್ದಳೆಗಳು ಸುಮ್ಮನಾದುವು. ಮಂದ್ರದ ಗಿಟಾರೊಂದು ಮೆಲ್ಲಗೆ ಗುನುಗುತ್ತಿರಲು, ಹಡಗಿನ ಮರ ಕಿರುಗುಟ್ಟುವ ಸದ್ದು ಕೇಳಿಸಿತು. ಅದರ ಮೇಲೆ ಕೋಲ್‌ರಿಜ್ಜನ ಪದ್ಯವನ್ನು ಓದುವ ದನಿ. ನೂರು ಡೆಸಿಬೆಲ್ಲಿನ ಸಭೆಯಲ್ಲಿ ಆ ಮೌನ ಎಷ್ಟು ಭಾರವಾಗಿತ್ತೆಂಬುದನ್ನು ಅಲ್ಲಿದ್ದವರೇ ಬಲ್ಲರು. ಆನಂದವರ್ಧನನ ಧ್ವನಿ ಅಂದು ಪ್ರವೇಶಿಸಿದ್ದು ಆ ಬಾಗಿಲಿನಿಂದ. ಹಿಂದಿನ ಅಬ್ಬರವಿಲ್ಲದಿದ್ದರೆ ಈ ಮೌನಕ್ಕೆ ಅರ್ಥವಿರುತ್ತಿರಲಿಲ್ಲವೆಂಬುದನ್ನೂ ಒಪ್ಪಬೇಕು.

ಆ ಬಿಡುವಿನಲ್ಲಿ ನಾನು ಆಕೆಗೆ ಕಥೆಯನ್ನು ಹೇಳಿದೆ. ಆಕೆ ಕೇಳಿದ್ದು ಒಂದೇ ಪ್ರಶ್ನೆ: "ಹಕ್ಕೀನ ಯಾಕ ಕೊಂದಾ?"

ಈ ಪ್ರಶ್ನೆಯನ್ನು ಪರೀಕ್ಷೆಯಲ್ಲಿ ನಾನೇ ಎಷ್ಟೋ ಸಲ ಕೇಳಿದ್ದೆ. ಉತ್ತರಕ್ಕಾಗಿ ವಿದ್ಯಾರ್ಥಿಗಳಿಗೆ ನಾಲ್ಕು ಬಗೆಯ ವ್ಯಾಖ್ಯಾನಗಳನ್ನು ಬರೆಸಿದ್ದೆ. ಆ ಕತ್ತಲಲ್ಲಿ ಅವುಗಳಲ್ಲೊಂದೂ ಹೇಳತಕ್ಕದ್ದೆಂದು ಕಾಣಲಿಲ್ಲ. "ಕಾರಣ ಇಲ್ಲ. ಸುಮ್ಮನ ಕೊಂದಾ" ಎಂದೆ.

"ಕಾರಣ ಇಲ್ಲದ ಕೊಂದದ್ದಕ್ಕನ ಇಷ್ಟು ದೊಡ್ಡ ಹಾಡಾತು" ಎಂದಳು. ಆಕೆ ಎಂದೂ ಓದದ ಆ ಕವಿತೆಯ ಬಗ್ಗೆ ನಾನು ಕೇಳಿದ ವಿಮರ್ಶೆಗಳಲ್ಲಿ ಇದಕ್ಕಿಂತ ಸಮರ್ಪಕವಾದುದಿಲ್ಲ. ಕಾರಣವಿದ್ದ ಪಾಪಕ್ಕೆ ಕಾರಣವೇ ಸಮಾಧಾನ. ಕಾರಣವಿಲ್ಲದ್ದಕ್ಕೆ ಹೇಳಿಕೊಳ್ಳುವುದೊಂದೇ ದಾರಿ.

ಮುಂದೆ ‘ಫಿಯರ್ ಆಫ್ ದಿ ಡಾರ್ಕ್’ ಎಂಬ ಹಾಡು ಬಂದಿತು. ೧೯೯೨ರ ಈ ಹಾಡಿನಲ್ಲೊಂದು ವಿಶೇಷವುಂಟು. ಗಿಟಾರು ನುಡಿಸುವ ಸ್ವರಗಳನ್ನೇ ಜನರು ಮಾತಿಲ್ಲದೆ ಕೊರಳೆತ್ತಿ ಹಾಡುತ್ತಾರೆ. ಇದನ್ನು ಯಾರೂ ಬರೆದುಕೊಟ್ಟದ್ದಲ್ಲ. ಊರೂರಿನ ಸಭೆಗಳಲ್ಲಿ ಜನರೇ ಸೇರಿಸಿಕೊಂಡದ್ದು. ಅಂದು ಸಾವಿರಾರು ಕೊರಳು ಒಂದಾಗಿ ಎದ್ದಾಗ ನನ್ನ ಪಕ್ಕದಲ್ಲಿ ಇನ್ನೊಂದು ಕೊರಳೂ ಎದ್ದಿತು. ಅರಳೆಯ ಮರೆಯಲ್ಲಿ ಅದನ್ನು ಗುರುತಿಸಲು ನನಗೆ ಒಂದು ಗಳಿಗೆ ಬೇಕಾಯಿತು. ಕಣ್ಣು ಮುಚ್ಚಿ, ಸೆರಗನ್ನು ಹಿಡಿದು, ಆಕೆ ಹಾಡುತ್ತಿದ್ದಳು. ಮಾತು ಬೇಕಾಗಿರಲಿಲ್ಲವಾಗಿ ಇಂಗ್ಲಿಷಿನ ತೊಡಕಿರಲಿಲ್ಲ. ಆ ಗದ್ದಲದಲ್ಲಿ ಯಾರಿಗೂ ಕೇಳಿಸದೆಂಬ ಧೈರ್ಯವೂ ಇದ್ದಿರಬೇಕು.

ಇಲ್ಲಿ ವಿಮರ್ಶೆಯ ನಡುವೆ ಮನೆಯ ಮಾತೊಂದನ್ನು ತರಬೇಕಾಗಿದೆ, ವಾಚಕರು ಕ್ಷಮಿಸಬೇಕು. ೧೯೭೪ರಲ್ಲಿ ನಾವು ಹೊಸದಾಗಿ ಸಂಸಾರ ಹೂಡಿದ್ದು ಎರಡು ಕೋಣೆಯ ಬಾಡಿಗೆಯ ಮನೆಯಲ್ಲಿ. ಜೋಳ ಗಿರಣಿಗೆ ಹೋಗುತ್ತಿತ್ತು; ಬೇಳೆ ಒಡೆಯುವುದು, ಗೋದಿಯ ರವೆ ಬೀಸುವುದು ಮನೆಯ ಬೀಸುವ ಕಲ್ಲಿನಲ್ಲೇ. ಕಲ್ಲಿನ ಮುಂದೆ ಕುಳಿತರೆ ಆಕೆಗೆ ತಾನಾಗಿ ಪದ ಬರುತ್ತಿತ್ತು. ಒಂದು ದಿನ ಬೆಳಿಗ್ಗೆ ಕಾಲೇಜಿನ ಹಿರಿಯರೊಬ್ಬರು ಪಡಸಾಲೆಯಲ್ಲಿ ಕುಳಿತಿದ್ದರು. ನಾನು ಒಳಗೆ ಹೋಗಿ, "ಸಾಕ ಮಾಡು, ಹೊರಗ ಮಂದಿ ಕುಂತಾರ" ಎಂದೆ. ಬಂದವರು ಹಾಡಿಗೆ ಬೇಸರಪಟ್ಟಿರಲಿಲ್ಲ. ನನಗೂ ಸಿಟ್ಟು ಬಂದಿರಲಿಲ್ಲ. ಸುಮ್ಮನೆ ಅಂದೆ. ಅಂದಿನಿಂದ ನಮ್ಮ ಮನೆಯಲ್ಲಿ ಕಲ್ಲಿನ ಸದ್ದಷ್ಟೇ ಕೇಳಿಸಿತು. ಕೆಲವು ವರ್ಷಗಳ ಮೇಲೆ ಇದೇ ಸಂಘದ ವೇದಿಕೆಯಲ್ಲಿ, ಹಲಸಂಗಿಯ ಗೆಳೆಯರು ಸಂಗ್ರಹಿಸಿದ ‘ಗರತಿಯ ಹಾಡು’ ಕುರಿತು ನಾನು ಒಂದು ತಾಸು ಭಾಷಣ ಮಾಡಿದೆ. ಬೀಸುವ ಕಲ್ಲಿನ ತ್ರಿಪದಿಗಳು ಕನ್ನಡದ ಅಮೂಲ್ಯ ನಿಧಿಯೆಂದೆ. ಅವು ಅಳಿಯುತ್ತಿರುವುದಕ್ಕೆ ಗಿರಣಿಯೇ ಕಾರಣವೆಂದೂ ಹೇಳಿದೆ. ಚಪ್ಪಾಳೆಯಾಯಿತು. ಹೆಂಗಸರ ಸಾಲಿನಲ್ಲಿ ಕುಳಿತು ಆಕೆ ಅದನ್ನೆಲ್ಲ ಕೇಳಿದಳು. ಮನೆಗೆ ಬಂದು ಏನನ್ನೂ ಹೇಳಲಿಲ್ಲ.

ಅರಮನೆ ಮೈದಾನದಲ್ಲಿ, ಮೂವತ್ತೈದು ವರ್ಷಗಳ ಮೇಲೆ, ಆ ಕೊರಳನ್ನು ನಾನು ಮತ್ತೆ ಕೇಳಿದೆ.

ಈಗ ತೀರ್ಪಿನ ಮಾತು. ರಾಕ್ ಸಂಗೀತದ ದೋಷಗಳು ಕಡಮೆಯಲ್ಲ. ಕ್ಷೇಮೇಂದ್ರನ ಔಚಿತ್ಯದ ದೃಷ್ಟಿಯಿಂದ ನೋಡಿದರೆ ಅದರ ನಾದಪ್ರಮಾಣ ಅಕ್ಷಮ್ಯ. ಏರಿದ ದನಿಯಲ್ಲೇ ಎಲ್ಲವನ್ನೂ ಹೇಳಹೊರಟಾಗ ಹಿರಿದಕ್ಕೂ ಕಿರಿದಕ್ಕೂ ಭೇದ ಉಳಿಯುವುದಿಲ್ಲ. ಒಂದೇ ದೌಡು ಹಾಡಿನಿಂದ ಹಾಡಿಗೆ ಮರುಕಳಿಸಿ ದಣಿಸುತ್ತದೆ. ಈಜಿಪ್ಟಿನ ಗೋರಿಗಳ ಚಿತ್ರ, ಹೊಗೆ, ಬೆಂಕಿ, ಬೊಂಬೆಗಳ ಆಡಂಬರ ನಮ್ಮ ಕಂಪನಿ ನಾಟಕಗಳ ಟ್ರಾನ್ಸ್‌ಫರ್ ಸೀನುಗಳನ್ನು ನೆನಪಿಗೆ ತರುತ್ತದೆ. ಕಣ್ಣಿಗೆ ಹಬ್ಬ, ಕಿವಿಗೆ ಅಡ್ಡಿ. ರಾಗದ ಸೂಕ್ಷ್ಮವನ್ನು ಅರಸುವವನು ಇಲ್ಲಿಗೆ ಹೋಗಬೇಕಾಗಿಲ್ಲ. ನಾನೂ ಮತ್ತೆ ಹೋಗಿಲ್ಲ.

ಆದರೆ ನಮ್ಮ ಅಲಂಕಾರಶಾಸ್ತ್ರದ ಸಹೃದಯನು ಕುಳಿತು ಕೇಳುವವನು. ಅವನ ಹೃದಯ ಕರಗಬೇಕು, ಬಾಯಿ ಮುಚ್ಚಿರಬೇಕು. ನಮ್ಮ ಬೈಠಕ್ಕುಗಳಲ್ಲಿ ‘ವಾಹ್’ ಎನ್ನುವ ಅಧಿಕಾರವೂ ಮುಂದಿನ ಸಾಲಿನವರದೇ. ನಾವು ಓದುಬರಹದವರು ಜಾನಪದವನ್ನು ಮೆಚ್ಚಿದ್ದೂ ಹೀಗೆಯೇ, ಅದು ಅಚ್ಚಾಗಿ ಮೇಜಿನ ಮೇಲೆ ಬಂದಾಗ. ಲಾವಣಿಗೂ ಬೀಸುವ ಪದಕ್ಕೂ ಬೇಕಾದವನು ಬೇರೆ ಬಗೆಯ ಸಹೃದಯ; ತನ್ನ ಕೊರಳನ್ನೂ ಕೊಡುವವನು. ಭಟ್ಟನಾಯಕನು ಹೇಳಿದ ಸಾಧಾರಣೀಕರಣ, ನನ್ನದು ನಿನ್ನದೆಂಬ ಗೆರೆ ಅಳಿಯುವ ಆ ಸ್ಥಿತಿ, ಅಂದು ಆ ಮೈದಾನದಲ್ಲಿ ಸಿದ್ಧಿಸಿದ್ದು ಹಾಡುವವರ ಪಾಂಡಿತ್ಯದಿಂದಲ್ಲ, ಕೇಳುವವರು ಹಾಡಿದ್ದರಿಂದ. ಕೋಲ್‌ರಿಜ್ಜನ ಕಥೆ ಪಠ್ಯಪುಸ್ತಕದಲ್ಲಿ ಸ್ವಸ್ಥವಾಗಿತ್ತು. ಇಲ್ಲಿ ಅದು ಮರಳಿ ಬಾಯಿಗೆ ಬಂದಿತ್ತು. ರಾಕ್ ಮೇಳವು ಶ್ರೇಷ್ಠವಾದ ಸಂಗೀತವೆಂದು ನಾನು ಹೇಳುವುದಿಲ್ಲ. ಅದು ಬಾಯಿ ಮುಚ್ಚಿಸದ ಸಂಗೀತ. ಈ ಗುಣವನ್ನು ನಾವು ನಮ್ಮ ತೂಕದ ಕಲ್ಲುಗಳಲ್ಲಿ ಸೇರಿಸಿಕೊಂಡಿಲ್ಲ. ಸೇರಿಸಿಕೊಳ್ಳಬೇಕು.

ಅಂದು ರಾತ್ರಿ ಮಗನ ಮನೆಗೆ ಮರಳುವಾಗ ನಾನು ಆಕೆಯನ್ನು ಕೇಳಿದೆ, "ಆ ಬೀಸೂ ಪದ ಇನ್ನೂ ನೆನಪ ಅದಾವೇನು?"

ಬಹಳ ಹೊತ್ತಿನ ಮೇಲೆ, "ಮರತಿಲ್ರೀ. ಕಲ್ಲ ಇಲ್ಲ" ಎಂದಳು.

ಆ ಸಂಜೆ ಕಳೆದು ಹದಿನೈದು ವರ್ಷಗಳ ಮೇಲಾಯಿತು. ಹಳೆಯ ಮನೆಯ ಅಟ್ಟದಲ್ಲಿದ್ದ ಕಲ್ಲನ್ನು ಮರುತಿಂಗಳೇ ಇಳಿಸಿ ತಂದೆವು. ಅದರ ಮುಂದೆ ಕುಳಿತು ಆಕೆ ಹೇಳಿದ ಪದಗಳನ್ನು ನಾನು ಎರಡು ನೋಟುಬುಕ್ಕುಗಳಲ್ಲಿ ಬರೆದುಕೊಂಡಿದ್ದೇನೆ. ಮೊದಮೊದಲು ಕೆಲವು ಶಬ್ದಗಳನ್ನು ತಿದ್ದಿದ್ದೆ. ಆಕೆ ಅವನ್ನು ಹೊಡೆದುಹಾಕಿಸಿದಳು. ಸಂಘದ ಕಾರ್ಯಕಾರಿ ಮಂಡಲಿಯವರು ಒಪ್ಪಿದರೆ ಅವುಗಳನ್ನು ಈ ಪತ್ರಿಕೆಯಲ್ಲಿ ಕ್ರಮವಾಗಿ ಪ್ರಕಟಿಸಲು ಕೊಡುತ್ತೇನೆ. ಆದರೆ ಆಕೆಯದೊಂದು ಷರತ್ತುಂಟು. ಅಚ್ಚಾಗುವ ಮೊದಲು ಸಂಘದ ಸಭೆಯಲ್ಲಿ ಅವುಗಳನ್ನು ಹಾಡಬೇಕು. ಹಾಡುವಾಗ ಪಲ್ಲವಿಯನ್ನು ಸದಸ್ಯಮಹಾಶಯರೆಲ್ಲರೂ, ಮುಂದಿನ ಸಾಲಿನವರೂ ಸಹ, ಎತ್ತಿಕೊಡಬೇಕು.